ಮುಖ್ತಾರನನ್ನು ಆರಿಸುವ ಬಗೆ

(ಕೂಕಟ್‌ಪಲ್ಲಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡು ನುಡಿಗಳ ಮಾತನ್ನು ಬಿಟ್ಟು ಕಾಗದ ಪತ್ರಗಳ ಮಾತನ್ನು ಆಡಲು ನಿಂತಿರುವುದಕ್ಕೆ ಮೊದಲೇ ತಮ್ಮ ಕ್ಷಮೆ ಬೇಡುತ್ತೇನೆ. "ಮಾಸ್ತರೇ, ಈ ಸಲ ನಾಲ್ಕು ಜನರ ಉಪಯೋಗಕ್ಕೆ ಬರುವಂಥದೇನಾದರೂ ಹೇಳಿರಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ವಕೀಲನಲ್ಲ. ಮೂವತ್ತೈದು ವರ್ಷ ಬೀದರ ಜಿಲ್ಲೆಯ ಶಾಲೆಗಳಲ್ಲಿ ಪಾಠ ಹೇಳಿ, ಈಗ ಇಲ್ಲಿ ಮಗನ ಮನೆಯಲ್ಲಿ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿರುವವನು. ಆದರೂ ಈ ವಿಷಯವಾಗಿ ಮಾತನಾಡಲು ನನಗೊಂದು ಅರ್ಹತೆ ಉಂಟು. ಅದೇನೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ. ಹೆಮ್ಮೆಪಟ್ಟುಕೊಳ್ಳುವ ಅರ್ಹತೆಯಲ್ಲ ಅದು.

ಇಂದಿನ ದಿನಕ್ಕೂ ಈ ವಿಷಯಕ್ಕೂ ಸಂಬಂಧವೇ ಇಲ್ಲವೆಂದು ಮಾತ್ರ ಹೇಳಲಾರೆ. 1956ನೆಯ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಈ ಹೈದರಾಬಾದು ನಗರವೂ ಒಂದೇ ರಾಜ್ಯದಲ್ಲಿದ್ದವು. ಆ ದಿನ ಆ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು, ನಾರಾಯಣಖೇಡಗಳು ಇತ್ತ ಆಂಧ್ರಪ್ರದೇಶಕ್ಕೆ ಬಂದವು. ಓದಿಗೋ ಚಾಕರಿಗೋ ಇಲ್ಲಿ ಬಂದು ನೆಲೆಸಿದ್ದ ಕನ್ನಡಿಗನು ಕುಳಿತಲ್ಲಿಯೇ ಹೊರನಾಡಿನವನಾದನು. ತಾನು ಇಲ್ಲಿ, ತನ್ನ ಹೊಲಮನೆ ಅಲ್ಲಿ. ಆಮೇಲೆ ಬಾಲಾನಗರದ ಕಾರ್ಖಾನೆಗಳಿಗೆ, ರಾಮಚಂದ್ರಾಪುರದ ಬಿ.ಎಚ್.ಇ.ಎಲ್.ಗೆ ಕೆಲಸಕ್ಕೆ ಬಂದವರು, ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ ಮನೆ ಮಾಡಿದವರು, ಈಚೆಗೆ ಹೈಟೆಕ್ ಸಿಟಿಯ ಕಂಪೆನಿಗಳಿಗೆ ಬಂದ ತರುಣರು, ಎಲ್ಲರ ಸ್ಥಿತಿಯೂ ಇದೇ. ಬೀದರದ ಬಸ್ಸು ನಮ್ಮ ಕಣ್ಣೆದುರಿನ ಹೆದ್ದಾರಿಯಲ್ಲೇ ಹೋಗುತ್ತದೆ, ನಿಜ. ಆದರೆ ಪಹಣಿಗೊಂದು ಸಲ, ತೆರಿಗೆಗೊಂದು ಸಲ, ಬಾಡಿಗೆಗೊಂದು ಸಲ ಎಂದು ರಜೆ ಹಾಕಿ ಎಷ್ಟು ಸಲ ಆ ಬಸ್ಸು ಹತ್ತುವುದು? ಆಗ ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ, 'ನನ್ನ ಪರವಾಗಿ ನೀನು ನೋಡಿಕೋ' ಎಂದು ಒಂದು ಪತ್ರ ಬರೆದುಕೊಡುತ್ತೇವೆ.

ಆ ಪತ್ರಕ್ಕೆ ನಮ್ಮ ಕಡೆಯ ಹಿರಿಯರು ಮುಖ್ತಾರನಾಮಾ ಎನ್ನುತ್ತಿದ್ದರು. ಧಾರವಾಡ, ಬೆಳಗಾವಿ ಸೀಮೆಯವರಿಗೆ ಅದು ಕುಲಮುಖತ್ಯಾರ ಪತ್ರ. ಮೈಸೂರು ಸೀಮೆಯವರಿಗೆ ಅಧಿಕಾರ ಪತ್ರ. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಜಿ.ಪಿ.ಎ. ಹೆಸರು ಯಾವುದಾದರೂ ಇರಲಿ, ಅರ್ಥ ಇಷ್ಟೇ: ಆ ಪತ್ರದಲ್ಲಿ ಬರೆದ ಕೆಲಸಗಳ ಮಟ್ಟಿಗೆ ಅವನು ಹಾಕಿದ ಸಹಿ ನಾವು ಹಾಕಿದ ಸಹಿ. ಅವನು ಮಾರಿದರೆ ನಾವು ಮಾರಿದಂತೆ. ಅವನು ಮೋಸಹೋದರೆ ನಾವು ಮೋಸಹೋದಂತೆ. ಇದಕ್ಕೆಂದೇ 1882ರಲ್ಲಿ ಆದ ಪುಟ್ಟದೊಂದು ಕಾಯಿದೆ ಇದೆ. ಒಡೆಯನಿಗೂ ಮುಖ್ತಾರನಿಗೂ ಇರುವ ಕರ್ತವ್ಯಗಳನ್ನು 1872ರ ಕರಾರು ಕಾಯಿದೆ ಹೇಳುತ್ತದೆ. ಆದರೆ ಎಂಥವನನ್ನು ಆರಿಸಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಅದು ನಮ್ಮ ವಿವೇಚನೆಗೆ ಬಿಟ್ಟದ್ದು. ನಾವು ಎಡವುವುದೂ ಅಲ್ಲಿಯೇ.

ಶಾಲಾ ಮಾಸ್ತರನಾದುದರಿಂದ ಪುರಾಣದ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ನಮ್ಮ ದೇಶದ ಅತ್ಯುತ್ತಮ ಮುಖ್ತಾರನು ಭರತ. ಅಣ್ಣನ ಪಾದುಕೆಗಳನ್ನು ಮುಂದಿಟ್ಟುಕೊಂಡು ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿ ಕುಳಿತು ರಾಜ್ಯ ನಡೆಸಿದವನು. ಅವನ ಭ್ರಾತೃಪ್ರೇಮವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ವಾಲ್ಮೀಕಿಗಳು ಯುದ್ಧಕಾಂಡದಲ್ಲಿ ಹೇಳಿರುವ ಒಂದು ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ರಾಮನು ಹಿಂದಿರುಗಿ ಬಂದೊಡನೆ ಭರತನು ಪಾದುಕೆಗಳನ್ನು ಅಣ್ಣನ ಕಾಲಿಗೆ ತೊಡಿಸಿ, ಬೊಕ್ಕಸ, ಕಣಜ, ಪಟ್ಟಣ, ಸೈನ್ಯ ಎಲ್ಲವನ್ನೂ ನೋಡಿಕೋ, ಹತ್ತುಪಟ್ಟು ಆಗಿದೆ ಎಂದು ಅರಿಕೆ ಮಾಡುತ್ತಾನೆ. ರಾಮನು ಕೇಳಿರಲಿಲ್ಲ. ಕೇಳದೆಯೇ ಲೆಕ್ಕ ಒಪ್ಪಿಸಿದನು. ನನ್ನ ದೃಷ್ಟಿಯಲ್ಲಿ ಭರತನ ದೊಡ್ಡತನ ಅಲ್ಲಿದೆ.

ಹೀಗೆ ಹೇಳುವುದಕ್ಕೆ ಕಾರಣವುಂಟು. ನಾನು ಭರತನಾಗಲಿಲ್ಲ.

ನನ್ನ ಅಕ್ಕನ ಯಜಮಾನರು ಬಾಲಾನಗರದ ಒಂದು ಕಾರ್ಖಾನೆಯಲ್ಲಿದ್ದರು. ಬೀದರದ ಹಳೆಯ ಪೇಟೆಯಲ್ಲಿ ಅಕ್ಕನ ಹೆಸರಿನಲ್ಲಿ ಒಂದು ಮನೆ ಇತ್ತು. 1991ರಲ್ಲಿ ಅದನ್ನು ನೋಡಿಕೊಳ್ಳಲು ನನಗೆ ಮುಖ್ತಾರನಾಮೆ ಬರೆದುಕೊಟ್ಟರು. ಒಡಹುಟ್ಟಿದವನು, ಮಾಸ್ತರನು, ಊರಿನಲ್ಲೇ ಇರುವವನು. ಇದಕ್ಕಿಂತ ಒಳ್ಳೆಯ ಮುಖ್ತಾರ ಎಲ್ಲಿ ಸಿಗಬೇಕು? ಹನ್ನೆರಡು ವರ್ಷ ಬಾಡಿಗೆ ವಸೂಲು ಮಾಡಿದೆ. ತೆರಿಗೆ ಕಟ್ಟಿದೆ. ಮಾಳಿಗೆ ಸೋರಿದಾಗ ಗಾರೆ ಹಾಕಿಸಿದೆ, ಬಾವಿ ಹೂಳೆತ್ತಿಸಿದೆ, ಮೋರಿ ಕಟ್ಟಿಸಿದೆ. ಒಂದು ರೂಪಾಯಿಯನ್ನೂ ನುಂಗಲಿಲ್ಲವೆಂದು ಈ ಸಭೆಯಲ್ಲಿ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಅದನ್ನು ತೋರಿಸಬಲ್ಲ ಒಂದು ಚೀಟಿಯೂ ನನ್ನಲ್ಲಿರಲಿಲ್ಲ. ನನ್ನ ಸಂಬಳವೂ ಅಕ್ಕನ ಬಾಡಿಗೆಯೂ ಒಂದೇ ಬ್ಯಾಂಕು ಖಾತೆಗೆ ಬೀಳುತ್ತಿದ್ದವು. ಗೌಂಡಿಗೆ ಕೊಟ್ಟ ಹಣಕ್ಕೆ ರಸೀದಿ ಯಾರು ಕೇಳುತ್ತಾರೆ? ಸ್ವಂತ ಅಕ್ಕನ ಕೆಲಸಕ್ಕೆ ಲೆಕ್ಕ ಬರೆಯುವುದೆಂದರೆ ಅವಮಾನವೆಂಬ ಒಂದು ಭಾವನೆಯೂ ಒಳಗೆಲ್ಲೋ ಇತ್ತು.

2003ರಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಮನೆ ಮಾರಲು ಹೇಳಿದರು. ಜೊತೆಯ ಮಾಸ್ತರರೊಬ್ಬರ ಸಂಬಂಧಿಕರು ಕೂಡಲೇ ನಗದು ಕೊಡುವೆವೆಂದರು. ಪೇಟೆಯ ಬೆಲೆಗಿಂತ ನಲವತ್ತು ಸಾವಿರ ಕಡಿಮೆಗೆ ಕೊಟ್ಟುಬಿಟ್ಟೆ. ಮುಹೂರ್ತ ಹತ್ತಿರವಿದೆ, ಕೆಲಸವಾದರೆ ಸಾಕೆಂದು ನನಗೆ ತೋರಿತು. ಅಕ್ಕನಿಗೆ ತಿಳಿಸಬೇಕೆಂದು ತೋರಲಿಲ್ಲ. ಮದುವೆ ಮುಗಿದ ಮೇಲೆ ಅಕ್ಕ ಕೇಳಿದಳು. ನನಗೆ ಸಿಟ್ಟು ಬಂತು. ರೊಕ್ಕ ತಿಂದವನೆಂದು ತಿಳಿದಿಯೇನು ಎಂದು ಕೂಗಾಡಿದೆ. ಆಗ ಅವಳು ಅಂದ ಮಾತು ಇಂದಿಗೂ ಕಿವಿಯಲ್ಲಿದೆ: "ರೊಕ್ಕಲ್ಲ ತಮ್ಮಾ ನಾ ಕೇಳೋದು, ಲೆಕ್ಕ." ಮೂರು ವರ್ಷ ನಮ್ಮಿಬ್ಬರಿಗೂ ಮಾತಿರಲಿಲ್ಲ. ನಾಗರಪಂಚಮಿಗೆ ತವರಿಗೆ ಬರುತ್ತಿದ್ದವಳು ಮೂರು ಪಂಚಮಿ ಬರಲಿಲ್ಲ.

ಮುಖ್ತಾರನು ಒಡೆಯನು ಕೇಳಿದಾಗ ಲೆಕ್ಕ ಒಪ್ಪಿಸತಕ್ಕದ್ದು ಎಂದು ಆ 1872ರ ಕಾಯಿದೆಯಲ್ಲೇ ಬರೆದಿದೆ. ತೊಡಕು ಬಂದಾಗ ಒಡೆಯನನ್ನು ಕೇಳಿಕೊಂಡು ನಡೆಯಬೇಕೆಂದೂ ಇದೆ. ಅಕ್ಕ ಕೇಳಿದ್ದು ಅವಳ ಹಕ್ಕನ್ನು. ನಾನು ಕಾಯಿದೆ ಓದಿದ್ದು ಆಮೇಲೆ.

ಆದುದರಿಂದ ತಮ್ಮಲ್ಲಿ ನನ್ನ ಮೊದಲನೆಯ ವಿಜ್ಞಾಪನೆ: ಪ್ರಾಮಾಣಿಕನೆಂಬುದೊಂದರಿಂದಲೇ ಯಾರನ್ನೂ ಮುಖ್ತಾರನನ್ನಾಗಿ ಮಾಡಬೇಡಿರಿ. ಪ್ರಾಮಾಣಿಕರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಬರೆದಿಡುವವರು ಕಡಿಮೆ. ಮನಸ್ಸಿಗೆ ಬಂದ ವ್ಯಕ್ತಿ ತನ್ನ ಮನೆಯ ಹಾಲಿನ ಲೆಕ್ಕವನ್ನಾದರೂ ಬರೆದಿಡುವವನೇ, ಸಾಲ ತಂದರೆ ಹೇಳಿದ ದಿನ ಹಿಂದಿರುಗಿಸುವವನೇ, ಕೆಟ್ಟ ಸುದ್ದಿಯನ್ನೂ ಮುಚ್ಚಿಡದೆ ತಿಳಿಸುವವನೇ ಎಂದು ನೋಡಿರಿ. ಕೊನೆಯದು ಮುಖ್ಯ. 'ಎಲ್ಲ ಸರಿಯಾಗಿದೆ, ನೀವೇನೂ ಚಿಂತೆ ಮಾಡಬೇಡಿರಿ' ಎಂದು ಪ್ರತಿ ಸಲವೂ ಹೇಳುವವನನ್ನು ಕಂಡರೆ ಸ್ವಲ್ಪ ಚಿಂತೆ ಮಾಡಿರಿ.

ಎರಡನೆಯದಾಗಿ, ನಿಮ್ಮ ಸ್ವತ್ತಿನಲ್ಲಿ ಅವನಿಗೆ ಏನಾದರೂ ಹಿತವಿದೆಯೇ ಎಂಬುದು. ಪಕ್ಕದ ಹೊಲದವನು, ಮನೆಯಲ್ಲಿ ಬಾಡಿಗೆಗಿರುವವನು, ದಲಾಲಿ, ಆಸ್ತಿಯಲ್ಲಿ ಪಾಲುಳ್ಳ ದಾಯಾದಿ, ಇವರೆಲ್ಲ ಸಜ್ಜನರೇ ಇರಬಹುದು. ಆದರೆ ನಿಮ್ಮ ನಷ್ಟ ಅವರ ಲಾಭವಾಗುವ ಸಮಯವೊಂದು ಬಂದೇ ಬರುತ್ತದೆ. ಆ ಪರೀಕ್ಷೆಗೆ ಸಜ್ಜನನನ್ನು ನಾವಾಗಿ ಏಕೆ ಗುರಿಮಾಡಬೇಕು?

ಮೂರನೆಯದು ತೀರ ವ್ಯಾವಹಾರಿಕವಾದುದು. ಅವನು ಸ್ವತ್ತಿರುವ ಊರಿನ ಹತ್ತಿರ ಇರಬೇಕು. ನಮಗಿಂತ ಹಿರಿಯನೂ ಕಾಯಿಲೆಯವನೂ ಆಗಿರಬಾರದು. ಕಚೇರಿಯ ಕಟ್ಟೆ ಹತ್ತಲು ಬೇಸರಪಡಬಾರದು. ದಾಕ್ಷಿಣ್ಯಕ್ಕೆ ಬಲಿಯಾಗದೆ 'ಆಗುವುದಿಲ್ಲ' ಎನ್ನಲು ಬರಬೇಕು (ನನಗೆ ಬರಲಿಲ್ಲ, ನಲವತ್ತು ಸಾವಿರ ಹೋಯಿತು). ಮತ್ತು ಮೊದಲು ಅವನನ್ನು ಕೇಳಿರಿ! ಪತ್ರ ಬರೆದು ಕಳಿಸಿದ ಮೇಲೆ ತಿಳಿಸುವವರೂ ಇದ್ದಾರೆ. ಪ್ರತಿಫಲವಿಲ್ಲದಿದ್ದರೂ ಮುಖ್ತಾರತನ ಕಾಯಿದೆಗೆ ಸಿಂಧುವೇ. ಆದರೂ ಓಡಾಟದ ಖರ್ಚನ್ನು, ಸಾಧ್ಯವಾದರೆ ಶ್ರಮಕ್ಕೆ ಏನನ್ನಾದರೂ ಗೊತ್ತುಮಾಡಿ ಕೊಡುವುದು ಲೇಸು. ಉಪಕಾರಕ್ಕೆ ಮಾಡುವವನನ್ನು ಲೆಕ್ಕ ಕೇಳಲು ನಮಗೆ ನಾಲಿಗೆ ಏಳುವುದಿಲ್ಲ.

ಆರಿಸಿದ ಮೇಲೂ ಎಲ್ಲವನ್ನೂ ಒಂದೇ ಸಲ ಒಪ್ಪಿಸಬೇಕಾಗಿಲ್ಲ. ಬಾಡಿಗೆ ವಸೂಲಿಗೆ ಆಳು ಬೇಕಾದರೆ ಅಷ್ಟಕ್ಕೇ ಪತ್ರ ಬರೆಯಿರಿ. ಮಾರುವ, ಅಡವಿಡುವ, ಸಾಲ ತೆಗೆಯುವ ಅಧಿಕಾರಗಳನ್ನು ಬೇರೆಯಾಗಿಡಿರಿ. ಆ ದಿನ ಬಂದರೆ ಆ ಒಂದು ಕೆಲಸಕ್ಕೆಂದೇ ಖಾಸ್ ಮುಖ್ತಾರನಾಮೆ ಕೊಡಬಹುದು. ಹಣವೆಲ್ಲ ನಿಮ್ಮ ಖಾತೆಗೇ ಬರಬೇಕೆಂದು ಪತ್ರದಲ್ಲಿಯೇ ಬರೆಯಿಸಿರಿ. ನೀವೂ ಕಣ್ಣಿಟ್ಟಿರಿ: 2000ದ ಸುಮಾರಿಗೆ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದುದರಿಂದ, ಇಂದು ಕೂಕಟ್‌ಪಲ್ಲಿಯಲ್ಲಿ ಕುಳಿತೇ ಹೊಲದ ಪಹಣಿಯನ್ನು ನೋಡಬಹುದು. ವರ್ಷಕ್ಕೆರಡು ಸಲವಾದರೂ ಮೊಮ್ಮಗನ ಕೈಯಲ್ಲಿ ತೆಗೆಸಿ ನೋಡಿರಿ. ಖಾಲಿ ಛಾಪಾ ಕಾಗದದ ಮೇಲೆ ಸಹಿ ಮಾಡಿ ಕಳಿಸುವ ರೂಢಿಯೊಂದು ನಮ್ಮಲ್ಲಿದೆ. ಅದನ್ನು ಇಂದೇ ಬಿಡಿರಿ. ಮುದ್ರಾರಾಕ್ಷಸದಲ್ಲಿ ಅಮಾತ್ಯ ರಾಕ್ಷಸನ ಉಂಗುರವೊಂದು ಚಾಣಕ್ಯನ ಕೈಗೆ ಸಿಕ್ಕಿದ್ದರಿಂದ ಏನೇನಾಯಿತೆಂಬುದನ್ನು ಬಲ್ಲಿರಿ. ಅದೇ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿಯೇ 'ಮುದ್ರಾಮಂಜೂಷ'ವೆಂದು ನಮ್ಮ ಗದ್ಯದಲ್ಲಿ ಬರೆದಿಟ್ಟಿದ್ದಾನೆ.

ಪತ್ರದ ವಿಧಿಯ ವಿಷಯದಲ್ಲಿ ಒಂದೆರಡೇ ಮಾತು. ರಸ್ತೆಯ ಬದಿಯ ನೋಟರಿಯ ಮೊಹರು ಬಿದ್ದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನಿಮ್ಮ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಾದ ಮುಖ್ತಾರನಿಗೆ ಅದು ಸಾಲದು. ನೀವು ವಾಸಮಾಡುವ ಪ್ರದೇಶದ ಸಬ್ ರಿಜಿಸ್ಟ್ರಾರರ ಮುಂದೆ ಆ ಪತ್ರವನ್ನು ಬರೆದುಕೊಟ್ಟು ದೃಢೀಕರಿಸಿರಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಹಾಸಿಗೆ ಹಿಡಿದವರು ಕಚೇರಿಗೆ ಬರಬೇಕಾಗಿಲ್ಲ. ಅಧಿಕಾರಿಯೇ ಮನೆಗೆ ಬಂದು ವಿಚಾರಿಸುವುದಕ್ಕೆ ಅವಕಾಶವಿದೆ. ಸ್ವತ್ತು ಕರ್ನಾಟಕದಲ್ಲಿದ್ದರೆ ಅಲ್ಲಿಯ ಮುದ್ರಾಂಕ ಶುಲ್ಕ ಎಷ್ಟೆಂಬುದನ್ನು ಅಲ್ಲಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿರಿ. ಹತ್ತಿರದ ಬಂಧುಗಳಿಗೆ ಕೊಟ್ಟ ಪತ್ರಕ್ಕೆ ಒಂದು ದರ, ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟ ಪತ್ರಕ್ಕೆ ಇನ್ನೊಂದು ದರ. ವಿದೇಶದಲ್ಲಿರುವ ಮಕ್ಕಳು ಅಲ್ಲಿಯ ನೋಟರಿಯ ಅಥವಾ ಭಾರತೀಯ ಕಾನ್ಸಲರ ಮುಂದೆ ಬರೆದುಕೊಡಬಹುದು. ಆ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು.

ಇನ್ನು ನಮ್ಮ ಸೋದರಿಯರಿಗೆ ಒಂದು ಮಾತು. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಹಕ್ಕಿರಬೇಕೆಂದು ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಕಾಯಿದೆ ತಿದ್ದಿತು. ಅಂದಿನಿಂದ ಅಣ್ಣತಮ್ಮಂದಿರು ಹಬ್ಬಕ್ಕೆ ಸೀರೆಯೊಂದಿಗೆ ಕಾಗದವನ್ನೂ ತರುವುದು ಕಾಣುತ್ತಿದೆ. "ತಂಗೀ, ಖಾತೆ ಬದಲಿಗೆ ನಿಂದೊಂದು ಸಹಿ ಬೇಕವ್ವ, ಬರೇ ಜಿ.ಪಿ.ಎ." ಎನ್ನುತ್ತಾರೆ. ಆ ಕಾಗದದೊಳಗೆ ಖಾತೆಯ ಮಾತಿನ ಜೊತೆಗೆ ಮಾರುವ ಅಧಿಕಾರವೂ ಇರುತ್ತದೆ. ಒಮ್ಮೊಮ್ಮೆ ಅದು ಮುಖ್ತಾರನಾಮೆಯೇ ಆಗಿರದೆ ಹಕ್ಕು ಬಿಡುಗಡೆಯ ಪತ್ರವಾಗಿರುತ್ತದೆ. ಪ್ರೀತಿಯಿಂದ ಹಕ್ಕು ಬಿಟ್ಟುಕೊಡುವುದಾದರೆ ಸಂತೋಷವಾಗಿ ಬಿಟ್ಟುಕೊಡಿರಿ, ಅದು ನಿಮ್ಮ ಇಚ್ಛೆ. ಆದರೆ ಬಿಟ್ಟುಕೊಡುತ್ತಿದ್ದೇನೆಂದು ತಿಳಿದು ಬಿಟ್ಟುಕೊಡಿರಿ. ಎರಡು ದಿನ ಕಾಗದ ನನ್ನ ಹತ್ತಿರವಿರಲಿ, ಓದಿ ಕೊಡುತ್ತೇನೆಂದು ಹೇಳುವುದರಿಂದ ಅಣ್ಣನಿಗೆ ಕೋಪ ಬರುವುದಾದರೆ, ಆ ಕೋಪವೇ ನಿಮಗೊಂದು ಸಮಾಚಾರ.

ಇಲ್ಲಿಯ ಸ್ವಂತ ಮನೆಗಳ ಜಾಗವನ್ನು ಬಿಲ್ಡರಿಗೆ ಕೊಟ್ಟು ಫ್ಲಾಟು ಕಟ್ಟಿಸುವ ನಮ್ಮವರು ಡೆವಲಪ್‌ಮೆಂಟ್ ಅಗ್ರಿಮೆಂಟಿನ ಜೊತೆಯಲ್ಲೇ ಜಿ.ಪಿ.ಎ.ಗೂ ಸಹಿ ಹಾಕುತ್ತಾರೆ. ಅಂಥ ಪತ್ರದಲ್ಲಿ ಬಿಲ್ಡರನಿಗೆ ಸ್ವಂತ ಹಿತ ಸೇರಿರುವುದರಿಂದ, ಅವನ ಹಿತಕ್ಕೆ ಧಕ್ಕೆಯಾಗುವಂತೆ ಅದನ್ನು ನಮಗೆ ಬೇಕಾದಾಗ ರದ್ದುಮಾಡುವುದು ಸುಲಭವಲ್ಲ. ಅದು ಮುಖ್ತಾರನನ್ನು ಆರಿಸುವ ಪ್ರಶ್ನೆಯೇ ಅಲ್ಲ, ಪಾಲುದಾರನನ್ನು ಆರಿಸುವ ಪ್ರಶ್ನೆ. ಒಳ್ಳೆಯ ವಕೀಲರಿಲ್ಲದೆ ಮುಂದುವರಿಯಬೇಡಿರಿ. ಜಿ.ಪಿ.ಎ. ಮೇಲೆಯೇ ಪ್ಲಾಟು ಕೊಂಡುಕೊಂಡೆವೆಂದು ನೆಮ್ಮದಿಯಾಗಿರುವವರಿಗೂ ತಿಳಿದಿರಲಿ. ಜಿ.ಪಿ.ಎ.ಯಿಂದ ಆಸ್ತಿಯ ಒಡೆತನ ಬದಲಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಖಂಡಿತವಾಗಿ ಹೇಳಿದೆ. ಗಂಡ ಹೆಂಡಿರಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ ನಿಜವಾಗಿಯೂ ಕೆಲಸ ನೋಡಿಕೊಳ್ಳಲು ಕೊಟ್ಟ ಪತ್ರಗಳಿಗೆ ಆ ತೀರ್ಪಿನಿಂದ ಬಾಧಕವಿಲ್ಲವೆಂದೂ ಅಲ್ಲಿಯೇ ಹೇಳಿದೆ.

ಒಂದು ಸಂಗತಿಯನ್ನು ಹೇಳಲು ನನ್ನ ವಯಸ್ಸಿನವನಿಗೆ ಸ್ವಲ್ಪ ಕಷ್ಟವಾಗುತ್ತದೆ. 'ನಾಳೆ ನನಗೆ ಅರಿವು ತಪ್ಪಿದರೆ ಮಗ ನೋಡಿಕೊಳ್ಳಲಿ' ಎಂದು ಮುಖ್ತಾರನಾಮೆ ಬರೆದಿಟ್ಟು ನಿಶ್ಚಿಂತರಾಗಿರುವ ಹಿರಿಯರು ಈ ಸಭೆಯಲ್ಲೇ ಇರಬಹುದು. ನಮ್ಮ ಕಾಯಿದೆಯಲ್ಲಿ ಒಡೆಯನು ತೀರಿಕೊಂಡರೆ ಮುಖ್ತಾರತನ ಮುಗಿಯುತ್ತದೆ. ಬುದ್ಧಿ ಸ್ವಾಧೀನ ತಪ್ಪಿದರೂ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯಿದೆಯೊಂದರ ಪ್ರಕಾರ, ಅರಿವು ಹೋದ ಮೇಲೂ ನಡೆಯುವ ಪತ್ರವನ್ನು ಮೊದಲೇ ಬರೆದಿಡಬಹುದು. ನಮ್ಮಲ್ಲಿ ಆ ಸೌಕರ್ಯವಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯ ಮಟ್ಟಿಗೆ ಪ್ರತಿನಿಧಿಯೊಬ್ಬರನ್ನು ಹೆಸರಿಸಲು ಬಿಡುತ್ತದೆಯೇ ಹೊರತು ಆಸ್ತಿಯ ಮಾತನ್ನಲ್ಲ. ಮರೆವಿನ ರೋಗ ಬಂದ ತಂದೆಯ ಖಾತೆಯಿಂದ ಔಷಧಕ್ಕೆ ಹಣ ತೆಗೆಯಲಾಗದೆ ಮಕ್ಕಳು ಹೈಕೋರ್ಟಿನವರೆಗೂ ಹೋಗಬೇಕಾಗುತ್ತದೆ. ಆದುದರಿಂದ ಅರಿವು ನೆಟ್ಟಗಿರುವಾಗಲೇ ಬ್ಯಾಂಕು ಖಾತೆಗೆ ಜೊತೆಯ ಹೆಸರನ್ನು ಸೇರಿಸುವುದು, ಉಯಿಲು ಬರೆಯುವುದು, ಮಾರಬೇಕಾದುದನ್ನು ತಾನೇ ನಿಂತು ಮಾರುವುದು, ಇವನ್ನು ಮಾಡಿಬಿಡಬೇಕು. ಮುಖ್ತಾರನಾಮೆ ಉಯಿಲಿನ ಕೆಲಸ ಮಾಡುವುದಿಲ್ಲ. ಹಾಗೆಯೇ ಅದು ನಮ್ಮ ಸಾಕ್ಷ್ಯದ ಕೆಲಸವನ್ನೂ ಮಾಡದು: ನಮಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಕುರಿತು ನಮ್ಮ ಬದಲಿಗೆ ಮುಖ್ತಾರನು ಸಾಕ್ಷಿ ನುಡಿಯಲಾಗದೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು.

ಆರಿಸಿದವನು ಸರಿಹೋಗದಿದ್ದರೆ ತೆಗೆಯಬಹುದು. ಮನಸ್ಸಿನಲ್ಲಿ ತೆಗೆದರೆ ಸಾಲದು, ಫೋನಿನಲ್ಲಿ ಬೈದರೂ ಸಾಲದು. ರದ್ದುಪತ್ರ ಬರೆದು ನೋಂದಾಯಿಸಿ, ಅವನಿಗೂ ಬಾಡಿಗೆಯವನಿಗೂ ಬ್ಯಾಂಕಿಗೂ ಆ ಊರಿನ ಸಬ್ ರಿಜಿಸ್ಟ್ರಾರರಿಗೂ ಲಿಖಿತವಾಗಿ ತಿಳಿಸಿ, ಮೂಲಪತ್ರವನ್ನು ಕೈಗೆ ತೆಗೆದುಕೊಳ್ಳಬೇಕು. ರದ್ದಾಯಿತೆಂಬುದು ತಿಳಿಯದೆ ಅವನೊಡನೆ ವ್ಯವಹಾರ ಮಾಡಿದವರ ಮಟ್ಟಿಗೆ ಅವನಿನ್ನೂ ನಿಮ್ಮ ಮುಖ್ತಾರನೇ.

ಅಕ್ಕನ ಕಥೆ ಅರ್ಧಕ್ಕೆ ನಿಂತಿತು. ನಾಲ್ಕನೆಯ ವರ್ಷ ನಾನೇ ಎರಡು ನೂರು ಪುಟದ ನೋಟ್‌ಬುಕ್ಕೊಂದನ್ನು ಕೊಂಡು, ಹನ್ನೆರಡು ವರ್ಷದ ಬಾಡಿಗೆ, ತೆರಿಗೆ, ಗಾರೆ, ಬಾವಿ ಎಲ್ಲವನ್ನೂ ನೆನಪಿಗೆ ಬಂದಷ್ಟು ಬರೆದು, ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದು ಬರೆದು, ಪಂಚಮಿಯ ಉಂಡಿಯೊಂದಿಗೆ ಕೂಕಟ್‌ಪಲ್ಲಿಗೆ ತಂದೆ. ಅಕ್ಕ ಉಂಡಿ ಒಳಗಿಟ್ಟು ಪುಸ್ತಕ ಬಿಚ್ಚಿದಳು. ಒಂದು ಕಡೆ ಕೂಡಿಸುವುದರಲ್ಲಿ ತಪ್ಪಿದ್ದೆ. ಮಾಸ್ತರನ ತಪ್ಪನ್ನು ತಿದ್ದಿ ನಕ್ಕಳು.

ಕೆಲವು ತಿಂಗಳ ಹಿಂದೆ ಭಾಲ್ಕಿ ತಾಲ್ಲೂಕಿನ ನಮ್ಮ ಹಿರಿಯರ ಹೊಲದ ಅಳತೆಯ ಕೆಲಸ ಬಂತು. ಮುಖ್ತಾರನಾಗೆಂದು ನನ್ನನ್ನೇ ಕೇಳುವಳೆಂದುಕೊಂಡಿದ್ದೆ. ಕೇಳಲಿಲ್ಲ. "ನಿನಗ ಅದ್ರಾಗ ಪಾಲು ಅದ ತಮ್ಮಾ" ಎಂದಳು. ನಮ್ಮ ತಾಯಿಯ ತವರಿನ ಕಡೆಯ ಸೊಸೆಯೊಬ್ಬಳಿದ್ದಾಳೆ, ಅಲ್ಲಿಯ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಆ ಹೊಲದಲ್ಲಿ ಅವಳಿಗೆ ಯಾವ ಹಕ್ಕೂ ಇಲ್ಲ. ಅಳತೆಯ ಕೆಲಸವೊಂದಕ್ಕೆ ಮಾತ್ರ ಅವಳ ಹೆಸರಿಗೆ ಖಾಸ್ ಮುಖ್ತಾರನಾಮೆ ಆಯಿತು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ.